ಬಾಬಿನ್ ಕಡೆ ನೋಡಿ

ಎಂಆರ್‌ಐ ರೂಮಿನ ಹುಡುಗ ಹೇಳಿದ ಮೊದಲ ಮಾತೇ "ಪ್ಯಾಂಟು ತೆಗೆಸಿ" ಅಂತ. ನನ್ನ ತಮ್ಮ ಅವತ್ತು ನಮ್ಮ ಯೂನಿಟ್ಟಿನಲ್ಲೇ ಹೊಲಿದ ಜೀನ್ಸ್ ಹಾಕಿಕೊಂಡಿದ್ದ. ಒಂದು ಜಿಪ್ಪು, ಒಂದು ಗುಂಡಿ, ಆರು ರಿವಿಟ್ಟು. ಆ ಮಷಿನ್ ಅಂದರೆ ಒಂದು ದೊಡ್ಡ ಅಯಸ್ಕಾಂತ, ಲೋಹ ಒಳಗೆ ಬಿಡುವುದಿಲ್ಲ. ಅವರು ಕೊಟ್ಟ ಹಸಿರು ಪೈಜಾಮದ ಲಾಡಿ ಕಟ್ಟಿಕೊಳ್ಳಲು ಅವನಿಗೆ ಐದು ನಿಮಿಷ ಬೇಕಾಯಿತು. ಬಲಗೈ ಅಷ್ಟು ನಡುಗುತ್ತಿತ್ತು. ನಾನು ಕಟ್ಟಲು ಹೋದೆ. "ಬ್ಯಾಡ, ನಾನೇ ಕಟ್ಕಂತೀನಿ" ಅಂದ.

ಒಳಗೆ ಅರ್ಧ ಗಂಟೆ ಢಬಢಬ ಸದ್ದು. ಹೊರಗೆ ಬಂದವನು, "ಬಾರ್‌ಟ್ಯಾಕ್ ಮಷಿನ್ ಕೆಟ್ಟಾಗ ಹಿಂಗೇ ಬಡಕಂತಿತ್ತು" ಅಂದ. ಮರುದಿನ ರಿಪೋರ್ಟು ಬಂತು. ಎಲ್ಲಾ ನಾರ್ಮಲ್.

ನಾರ್ಮಲ್ ಅಂದರೆ ಖುಷಿ ಆಗಬೇಕು ಅಲ್ವಾ? ನನಗೆ ಸಿಟ್ಟು ಬಂತು. ಎದುರಿಗೆ ಕೂತವನ ಕೈ ಚಹಾ ಲೋಟ ಹಿಡಿಯುತ್ತಿಲ್ಲ, ಕಾಗದ ನಾರ್ಮಲ್ ಅನ್ನುತ್ತಿದೆ.

ಇದು 2023ರ ಮಾತು. ನಾನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಒಂಬತ್ತು ಮಷಿನ್ನಿನ ಸಣ್ಣ ಜೀನ್ಸ್ ಯೂನಿಟ್ ಇಟ್ಟುಕೊಂಡಿದ್ದೇನೆ. ಸ್ವಂತ ಬ್ರಾಂಡ್ ಏನೂ ಇಲ್ಲ. ಕಟಿಂಗ್ ಆದ ಬಟ್ಟೆ ಬೇರೆಯವರಿಂದ ಬರುತ್ತದೆ, ಹೊಲಿದು ವಾಷಿಂಗಿಗೆ ಕಳಿಸುತ್ತೇವೆ. ಪೀಸಿಗೆ ಇಷ್ಟು ಅಂತ ಕೂಲಿ. ಓದಿದ್ದು ಪಿಯುಸಿವರೆಗೆ. ಮೆದುಳಿನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಹದಿನಾಲ್ಕು ವರ್ಷ ಒಬ್ಬನ ಮಾತ್ರೆ ಡಬ್ಬಿ ತುಂಬಿದವನಿಗೆ ಒಂದಿಷ್ಟು ಗೊತ್ತಾಗುತ್ತದೆ. ಗೊತ್ತಾಗಲು ಅಷ್ಟು ವರ್ಷ ಬೇಕಿರಲಿಲ್ಲ ಅನ್ನುವುದೇ ನನ್ನ ಬೇಸರ.

ತಮ್ಮನಿಗೆ ಕಾಯಿಲೆ ಶುರುವಾಗಿದ್ದು 2009ರಲ್ಲಿ. ಆಗ ಅವನಿಗೆ 24. ಜೀನ್ಸ್ ಕಾಲಿನ ಒಳಹೊಲಿಗೆ ಹಾಕುವ ಫೀಡ್ ಆಫ್ ದಿ ಆರ್ಮ್ ಮಷಿನ್ ಇದೆಯಲ್ಲ, ಅದು ಎಲ್ಲರ ಕೈಗೂ ಒಗ್ಗುವುದಿಲ್ಲ. ಬಟ್ಟೆ ಮಷಿನ್ನಿನ ತೋಳಿನ ಮೇಲೆ ಓಡುತ್ತಿರುತ್ತದೆ, ಎರಡು ಕೈ ಎರಡು ಬೇರೆ ಕೆಲಸ ಮಾಡಬೇಕು. ಅವನಿಗೆ ಅದು ನೀರು ಕುಡಿದಷ್ಟು ಸಲೀಸು. ಒಂದು ದಿನ ಮೋಟರ್ ಆಫ್ ಮಾಡಿ ಕೂತ. ಯಾಕೋ ಅಂದರೆ, "ಮಷಿನ್ ನನ್ನ ಹೆಸರು ಹೇಳ್ತೈತೆ" ಅಂದ. ನಾವು ನಕ್ಕೆವು. ಹದಿನೈದು ದಿನದ ಮೇಲೆ ಯಾರೂ ನಗಲಿಲ್ಲ. ದುರ್ಗಮ್ಮನ ಗುಡಿ ಆಯಿತು, ಒಂದು ದರ್ಗಾ ಆಯಿತು, ಆಂಧ್ರದ ಗಡಿಯಲ್ಲಿ ಯಾರೋ ತಾಯತ ಕಟ್ಟುವವರ ಮನೆಯೂ ಆಯಿತು. ಆಮೇಲೆ ಆಸ್ಪತ್ರೆ. ಸ್ಕಿಜೋಫ್ರೇನಿಯಾ ಅಂದರು. ಹ್ಯಾಲೊಪೆರಿಡಾಲ್ 5 ಮಿಲಿಗ್ರಾಂ, ಬೆಳಿಗ್ಗೆ ಒಂದು, ರಾತ್ರಿ ಒಂದು.

ಮೂರನೇ ದಿನ ಸಂಜೆ ಅವನ ಕುತ್ತಿಗೆ ಒಂದು ಕಡೆ ತಿರುಚಿಕೊಂಡು ನಿಂತಿತು. ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ಬಿಳಿ ಮಾತ್ರ ಕಾಣುತ್ತಿತ್ತು. ಅವ್ವ ಅರಿಶಿನ ಕುಂಕುಮ ತಂದು, ದೇವರು ಬಂದೈತೆ ಅಂತ ಕೈಮುಗಿದಳು. ಆಟೋದಲ್ಲಿ ಹಾಕಿಕೊಂಡು ಓಡಿದೆವು. ಅಲ್ಲಿ ಡ್ಯೂಟಿಯಲ್ಲಿದ್ದ ಹುಡುಗಿ ಡಾಕ್ಟರು ಚೀಟಿ ನೋಡಿದ ಕೂಡಲೇ ಒಂದು ಪ್ರೊಮೆಥಜಿನ್ ಇಂಜೆಕ್ಷನ್ ಕೊಟ್ಟರು. ಅರ್ಧ ಗಂಟೆಯಲ್ಲಿ ಕುತ್ತಿಗೆ ಸಡಿಲವಾಯಿತು, ಕಣ್ಣು ಇಳಿಯಿತು. "ಮಾತ್ರೆಯಿಂದ ಆಗಿದ್ದು, ಹುಡುಗರಲ್ಲಿ ಜಾಸ್ತಿ" ಅಂದರು. ಅದಕ್ಕೆ ಡಿಸ್ಟೋನಿಯಾ ಅಂತ ಹೆಸರು. ಮಾತ್ರೆ ಕೊಡುವಾಗಲೇ ಒಂದು ಮಾತು ಹೇಳಿದ್ದರೆ ಅವ್ವ ಅವತ್ತು ಹರಕೆ ಹೊರುತ್ತಿರಲಿಲ್ಲ. ಆ ಹರಕೆ ತೀರಿಸಲು ನಾವು ಮಾಡಿದ ಖರ್ಚು ಬೇರೆ ಕಥೆ, ಬಿಡಿ.

ಅವತ್ತಿನಿಂದ ಟ್ರೈಹೆಕ್ಸಿಫೆನಿಡಿಲ್ ಅನ್ನುವ ಇನ್ನೊಂದು ಸಣ್ಣ ಬಿಳಿ ಮಾತ್ರೆ ಸೇರಿತು. ಬಿಗಿತ ತಡೆಯಲು. ಅದರಿಂದ ಬಾಯಿ ಒಣಗುತ್ತದೆ, ಮಲಬದ್ಧತೆ, ಮರೆವು. ಬಳ್ಳಾರಿಯ ಬಿಸಿಲಿನಲ್ಲಿ ಬಾಯಿ ಒಣಗುವುದೆಂದರೆ ಏನು ಅಂತ ಏಪ್ರಿಲಿನಲ್ಲಿ ಇಲ್ಲಿ ಬಂದು ನೋಡಿ.

ಧ್ವನಿಗಳು ಹೋದವು. ಅದು ಸುಳ್ಳಲ್ಲ. ಎರಡು ತಿಂಗಳಲ್ಲಿ ಅವನು ಮತ್ತೆ ಮಷಿನ್ ಮೇಲೆ ಕೂತ. ಆದರೆ ಕೂರಲು ಆಗುತ್ತಿರಲಿಲ್ಲ. ಎದ್ದು ಬಾಗಿಲವರೆಗೆ ಹೋಗುತ್ತಿದ್ದ, ಬರುತ್ತಿದ್ದ. ಕೂತರೆ ಎಡಗಾಲು ಕುಣಿಯುತ್ತಿತ್ತು. ಪೆಡಲ್ ಮೇಲಿದ್ದ ಬಲಗಾಲೂ ಕುಣಿದರೆ ಹೊಲಿಗೆ ಹಾವಿನ ಹಾಗೆ ಹೋಗುತ್ತದೆ. "ಯಾಕೋ ಒಂದು ಕಡೆ ಕೂರಲ್ಲ ನೀನು?" ಅಂತ ಎಷ್ಟು ಸಲ ಬೈದಿದ್ದೇನೋ. "ಒಳಗೆ ಇರಿವಿ ಹರಿದಂಗೆ ಆಗತೈತಣ್ಣ" ಅನ್ನುತ್ತಿದ್ದ. ನನಗೆ ಅದು ನೆಪ ಅನ್ನಿಸಿತು. ಮಾತ್ರೆಯಿಂದ ಬರುವ ಈ ಚಡಪಡಿಕೆಗೆ ಅಕಥಿಸಿಯಾ ಅನ್ನುವ ಪದ ಇದೆ ಅಂತ ಕೇಳಿದ್ದು ಎಷ್ಟೋ ವರ್ಷ ಆದಮೇಲೆ.

ನಿಧಾನಕ್ಕೆ ಚಡಪಡಿಕೆ ಕಡಿಮೆಯಾಗಿ ಬಿಗಿತ ಬಂತು. ನಡೆಯುವಾಗ ಕೈ ಬೀಸುವುದು ನಿಂತಿತು. ಮುಖದ ಮೇಲೆ ನಗು, ಸಿಟ್ಟು ಏನೂ ಕಾಣುತ್ತಿರಲಿಲ್ಲ. ಅಕ್ಷರ ಸಣ್ಣದಾಯಿತು. ಪೀಸ್ ಲೆಕ್ಕದ ಪುಸ್ತಕದಲ್ಲಿ ಅವನು ಬರೆದ ಅಂಕಿಗಳು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಾ ಬಂದಿದ್ದನ್ನು ಈಗ ಹಳೇ ಪುಸ್ತಕ ತೆಗೆದರೆ ಸಾಲು ಸಾಲಾಗಿ ನೋಡಬಹುದು. ಮನೆಯವರು ಸೋಮಾರಿ ಅಂದರು. ನೆಂಟರು "ಕಾಯಿಲೆನೇ ಅಂಥದು" ಅಂದರು. ನಾನು ಫೀಡ್ ಆಫ್ ದಿ ಆರ್ಮ್ ಬಿಡಿಸಿ ದಾರ ಕತ್ತರಿಸಲು ಹಾಕಿದೆ. ಕೂಲಿಯೂ ಇಳಿಯಿತು. ಅವನು ಏನೂ ಅನ್ನಲಿಲ್ಲ. ಆಗ ಅವನು ಯಾವುದಕ್ಕೂ ಏನೂ ಅನ್ನುತ್ತಿರಲಿಲ್ಲ.

2016ರಲ್ಲಿ ಒಮ್ಮೆ ನಾವೇ ಮಾತ್ರೆ ನಿಲ್ಲಿಸಿದೆವು. ಗುಣ ಆಗಿದೆಯಲ್ಲ, ಇನ್ನೆಷ್ಟು ದಿನ ಅಂತ ಒಬ್ಬರು ಹೇಳಿದ್ದರು. ಮೊದಲ ತಿಂಗಳು ಹಬ್ಬ. ಮುಖಕ್ಕೆ ಕಳೆ ಬಂತು, ಕೈ ಸಡಿಲವಾಯಿತು, ಮಿರ್ಚಿ ಮಂಡಕ್ಕಿ ತರಿಸಿಕೊಂಡು ಎರಡು ಪ್ಲೇಟು ತಿಂದ. ಮೂರನೇ ತಿಂಗಳಲ್ಲಿ ರಾತ್ರಿ ಎರಡಕ್ಕೆ ಮಷಿನ್‌ಗಳ ವೈರೆಲ್ಲಾ ಕತ್ತರಿಸಿ ಹಾಕಿದ. ಅದನ್ನು ಇಲ್ಲಿ ಜಾಸ್ತಿ ಬರೆಯಲಾರೆ. ಮತ್ತೆ ಮಾತ್ರೆ ಶುರು. 2022ರಲ್ಲಿ ಅಪ್ಪ ತೀರಿಕೊಂಡಾಗ ಮತ್ತೆ ಧ್ವನಿ ಜಾಸ್ತಿಯಾಯಿತು. ಮಾತ್ರೆಯ ಜೊತೆಗೆ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ನೂ ಸೇರಿತು. ಆಮೇಲೆ ಬಂದಿದ್ದು ಈ ನಡುಕ. ಬಲಗೈಯಲ್ಲಿ ಮೊದಲು, ಜಾಸ್ತಿಯೂ ಅಲ್ಲೇ.

ಎಂಆರ್‌ಐ ಬರೆದವರು ನಮ್ಮ ಮಾಮೂಲಿ ಮನೋವೈದ್ಯರಲ್ಲ, ಬೇರೆ ಒಬ್ಬರು. ಅವರ ಹೆಸರು, ಜಾಗ ಬೇಡ. ಒಂದೇ ಕಡೆ ನಡುಕ ಶುರುವಾಗಿದೆ, ಇದು ಪಾರ್ಕಿನ್ಸನ್ ಅಂತ ಹೇಳಿ ಲೆವೊಡೋಪಾ ಬರೆದರು. ಹಳೇ ಚೀಟಿಗಳ ಕಟ್ಟನ್ನು ಅವರ ಮೇಜಿನ ಮೇಲೆ ಇಟ್ಟಿದ್ದೆ. ಅದರ ರಬ್ಬರ್ ಬ್ಯಾಂಡ್ ಕೂಡ ಬಿಚ್ಚಲಿಲ್ಲ. ಕೈ ಸ್ವಲ್ಪ ಸರಿಹೋಯಿತು. ಆದರೆ ಎರಡು ವಾರದಲ್ಲಿ ತಮ್ಮ ಮತ್ತೆ ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡಲು ಶುರು ಮಾಡಿದ.

ನಮ್ಮ ಹಳೇ ಮನೋವೈದ್ಯರ ಹತ್ತಿರ ಓಡಿದೆ. ಅವರು ಲೆವೊಡೋಪಾ ನಿಲ್ಲಿಸಿ ಒಂದು ಕಾಗದದ ಮೇಲೆ ಎರಡು ಗೆರೆ ಎಳೆದು ತೋರಿಸಿದರು. ಡೋಪಮಿನ್ ಅಂದರೆ ನರದಿಂದ ನರಕ್ಕೆ ಸುದ್ದಿ ಮುಟ್ಟಿಸುವ ರಾಸಾಯನಿಕ. ಮೇಲಿನ ಗೆರೆ ಅದನ್ನು ಬಿಡುವ ನರದ ತುದಿ. ಕೆಳಗಿನದು ಡೋಪಮಿನ್ ಹಿಡಿಯುವ ನರ. ಅದರ ಮೇಲೆ ಡಿ2 ಅನ್ನುವ ಗ್ರಾಹಕಗಳು ಇರುತ್ತವೆ. ಕಾಯಿಲೆಯಲ್ಲಿ ಡೋಪಮಿನ್ ಹರಿವು ಒಂದು ಕಡೆ ಜಾಸ್ತಿ. ಮಾತ್ರೆ ಹೋಗಿ ಡಿ2 ಮೇಲೆ ಕೂತು ದಾರಿ ಅಡ್ಡಗಟ್ಟುತ್ತದೆ. ಧ್ವನಿ ಕಡಿಮೆಯಾಗುವುದು ಅದಕ್ಕೇ. ಆದರೆ ಕೈಕಾಲು ಸಲೀಸಾಗಿ ಆಡಬೇಕಾದರೂ ಅದೇ ಡೋಪಮಿನ್ ಬೇಕು. ಪಾರ್ಕಿನ್ಸನ್ನಿನಲ್ಲಿ ಮೇಲಿನ ನರವೇ ಸಾಯುತ್ತದೆ. ಮಾತ್ರೆಯ ಅಡ್ಡಪರಿಣಾಮದಲ್ಲಿ ಮೇಲಿನ ನರ ಚೆನ್ನಾಗಿರುತ್ತದೆ, ಕೆಳಗೆ ಹಿಡಿಯುವ ಜಾಗ ಮುಚ್ಚಿರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಲೆವೊಡೋಪಾ ಅಂದರೆ ಮೆದುಳಿನೊಳಗೆ ಹೋಗಿ ಡೋಪಮಿನ್ನೇ ಆಗುವ ಔಷಧಿ. ಅದು ಧ್ವನಿಗೆ ಎಣ್ಣೆ ಸುರಿದ ಹಾಗೆ.

ನನಗೆ ಕೂಡಲೇ ಹೊಳೆದಿದ್ದು ಹೊಲಿಗೆ ಮಷಿನ್. ಹೊಲಿಗೆ ತಪ್ಪುತ್ತಿದ್ದರೆ ಹೊಸಬರು ಮೇಲಿನ ದಾರವನ್ನೇ ಎಳೆದಾಡುತ್ತಾರೆ. ರೀಲು ತುಂಬಾ ಇರುತ್ತದೆ, ಸೂಜಿಯೂ ಸರಿ ಇರುತ್ತದೆ. ಕೆಳಗಿನ ದಾರ ಇರುವ ಬಾಬಿನ್ ಕೇಸಿನಲ್ಲಿ ಡೆನಿಮ್ ನೂಲಿನ ಹೊಟ್ಟು ತುಂಬಿಕೊಂಡಿರುತ್ತದೆ. ಇದನ್ನು ಹೇಳಿದಾಗ ಡಾಕ್ಟರು ನಕ್ಕು, "ಹಂಗಾದ್ರೆ ಈಗ ರೀಲು ತುಂಬಾ ಐತೋ ಖಾಲಿನೋ ನೋಡಣ" ಅಂತ ಟ್ರೋಡಾಟ್ ಸ್ಕ್ಯಾನ್ ಬರೆದುಕೊಟ್ಟರು. ಎಂಆರ್‌ಐ ಕಟ್ಟಡದ ಫೋಟೋ ತೆಗೆಯುತ್ತದೆ, ಒಳಗೆ ಕೆಲಸದವರು ಬಂದಿದ್ದಾರೋ ಇಲ್ಲವೋ ಅದಕ್ಕೆ ಕಾಣುವುದಿಲ್ಲ ಅಂದರು. ನಾರ್ಮಲ್ ರಿಪೋರ್ಟಿನ ಮೇಲಿನ ನನ್ನ ಸಿಟ್ಟು ಅವತ್ತು ಇಳಿಯಿತು.

ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹೊರಟು ಬೆಳಿಗ್ಗೆ ಬೆಂಗಳೂರು. ಈ ಸ್ಕ್ಯಾನಿನಲ್ಲಿ ಅಯಸ್ಕಾಂತ ಇಲ್ಲ. ಟೆಕ್ನೀಷಿಯಮ್ ಅನ್ನುವ ವಿಕಿರಣ ಧಾತುವನ್ನು ಟ್ರೋಡಾಟ್ ಅನ್ನುವ ವಸ್ತುವಿಗೆ ಕಟ್ಟಿ ರಕ್ತನಾಳಕ್ಕೆ ಇಂಜೆಕ್ಷನ್ ಕೊಡುತ್ತಾರೆ. ಡೋಪಮಿನ್ ಬಿಡುವ ನರದ ತುದಿಯಲ್ಲಿ, ಬಿಟ್ಟ ಡೋಪಮಿನ್ ಅನ್ನು ವಾಪಸ್ ಎಳೆದುಕೊಳ್ಳುವ ಸಾಗಣೆದಾರ ಪ್ರೋಟೀನ್ ಒಂದಿದೆ. ಟ್ರೋಡಾಟ್ ಹೋಗಿ ಅದಕ್ಕೆ ಅಂಟುತ್ತದೆ. ತುದಿ ಬದುಕಿದ್ದರೆ ಬೆಳಗುತ್ತದೆ, ಸತ್ತಿದ್ದರೆ ಕತ್ತಲೆ. ತಮ್ಮ ತಿನ್ನುವ ಮಾತ್ರೆಗಳು ಕೂರುವುದು ಡಿ2 ಮೇಲೆ, ಈ ಸಾಗಣೆದಾರನ ಮೇಲಲ್ಲ. ಹಾಗಾಗಿ ಮಾತ್ರೆ ಚಿತ್ರವನ್ನು ಕೆಡಿಸುವುದಿಲ್ಲ. ಟೆಕ್ನೀಷಿಯಮ್ಮಿನ ಅರ್ಧಾಯುಷ್ಯ, ಅಂದರೆ ಅದರ ವಿಕಿರಣ ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು, 6 ಗಂಟೆ. ಇಂಜೆಕ್ಷನ್ ಆಗಿ ನಾಲ್ಕು ಗಂಟೆ ಕಾಯಬೇಕಾಯಿತು. ಚೆನ್ನಾಗಿ ನೀರು ಕುಡಿಯಿರಿ, ಇವತ್ತು ಸಣ್ಣ ಮಕ್ಕಳು, ಬಸುರಿಯರ ಹತ್ತಿರ ಕೂರಬೇಡಿ ಅಂದರು. ತಮ್ಮ ವೇಟಿಂಗ್ ಹಾಲಿನ ಮೂಲೆಯ ಕುರ್ಚಿಗೆ ಹೋಗಿ ಒಬ್ಬನೇ ಕೂತ. ಒಂದು ಮಗು ಹತ್ತಿರ ಬಂದರೆ ಎದ್ದು ಇನ್ನೊಂದು ಮೂಲೆಗೆ ಹೋದ. ಯಾವುದರ ಮೇಲೂ ಆಸೆ ಇಲ್ಲದವನು ಅಂತ ನೆಂಟರು ಹೇಳುತ್ತಿದ್ದುದು ಇವನನ್ನೇ.

ಕ್ಯಾಮೆರಾ ತಲೆಯ ಸುತ್ತ ನಿಧಾನಕ್ಕೆ ತಿರುಗಿತು. ಅರ್ಧ ಗಂಟೆಯ ಮೇಲಾಯಿತು. ತಲೆ ಅಲ್ಲಾಡದ ಹಾಗೆ ಪಟ್ಟಿ ಕಟ್ಟಿದ್ದರು.

ಚಿತ್ರ ನೋಡಿದಾಗ ನನಗೆ ನಂಬಿಕೆಯೇ ಬರಲಿಲ್ಲ, ಅಷ್ಟು ಸರಳ. ಕಪ್ಪು ಹಿನ್ನೆಲೆಯಲ್ಲಿ ಎರಡು ಹೊಳೆಯುವ ಅಲ್ಪವಿರಾಮ, ಒಂದಕ್ಕೊಂದು ಬೆನ್ನು ಹಾಕಿ ನಿಂತ ಹಾಗೆ. ತಲೆ ದಪ್ಪ, ಬಾಲ ಉದ್ದ. ಪಾರ್ಕಿನ್ಸನ್ ಆದರೆ ಮೊದಲು ಬಾಲ ಹೋಗುತ್ತದಂತೆ, ಉಳಿಯುವುದು ಎರಡು ಚುಕ್ಕಿ. ಅಲ್ಪವಿರಾಮ ಪೂರ್ಣವಿರಾಮ ಆಗುತ್ತದೆ. ತಮ್ಮನದು ಎರಡೂ ಕಡೆ ಬಾಲ ಸಮೇತ ಇತ್ತು. ಅಂದರೆ ನರ ಸತ್ತಿಲ್ಲ. ರೀಲು ತುಂಬಾ ಇದೆ. ತೊಂದರೆ ಬಾಬಿನ್ ಕಡೆ.

ತಮ್ಮ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ಸುಮಾರು ಹೊತ್ತು ನೋಡಿದ. "ಮುಂದಿನ ಜೇಬಿನ ಕಟಿಂಗ್ ಇದ್ದಂಗೈತೆ" ಅಂದ. ಜೀನ್ಸಿನ ಮುಂದಿನ ಜೇಬಿನ ಬಾಗು ನೋಡಿ, ಅದೇ ಆಕಾರ.

ವಾಪಸ್ ಬರುವಾಗ ರೈಲಿನಲ್ಲಿ ನಿದ್ದೆ ಬರಲಿಲ್ಲ. ಅವತ್ತಿನಿಂದ ರಾತ್ರಿ ಯೂನಿಟ್ ಮುಚ್ಚಿದ ಮೇಲೆ ಮೊಬೈಲಿನಲ್ಲಿ ಓದುವುದು ಚಟವಾಯಿತು. ಅರ್ಥವಾಗದ್ದನ್ನು ಬರೆದಿಟ್ಟುಕೊಂಡು ಡಾಕ್ಟರಿಗೆ ಕೇಳುತ್ತೇನೆ. ಪಾಪ, ಅವರು ಬೈಯುವುದಿಲ್ಲ.

ಡಿ2 ಮೇಲೆ ಮಾತ್ರೆ ಎಷ್ಟು ಕೂತಿದೆ ಅಂತ ಅಳೆಯಲು ಇನ್ನೊಂದು ಚಿತ್ರ ಇದೆ. ಪೆಟ್ ಸ್ಕ್ಯಾನ್. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ಲಾರ್ಸ್ ಫಾರ್ಡೆ ಅನ್ನುವವರು 1980ರ ದಶಕದಲ್ಲಿ ಇದನ್ನು ಮಾಡಿ ತೋರಿಸಿದರು. ರ್ಯಾಕ್ಲೊಪ್ರೈಡ್ ಅನ್ನುವ ವಸ್ತುವಿಗೆ ವಿಕಿರಣ ಇಂಗಾಲ ಸೇರಿಸಿ ಕೊಡುತ್ತಾರೆ. ಅದು ಖಾಲಿ ಇರುವ ಡಿ2 ಮೇಲೆ ಮಾತ್ರ ಕೂರುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ ಎಷ್ಟು ಎಲೆ ಖಾಲಿ ಇದೆ ಅಂತ ನೋಡಿ, ಎಷ್ಟು ಜನ ಕೂತಿದ್ದಾರೆ ಅಂತ ಲೆಕ್ಕ ಹಾಕುವ ಹಾಗೆ. ಆ ಇಂಗಾಲದ ಅರ್ಧಾಯುಷ್ಯ ಬರೀ 20 ನಿಮಿಷ. ಆಸ್ಪತ್ರೆಯ ಪಕ್ಕದಲ್ಲೇ ಸೈಕ್ಲೋಟ್ರಾನ್ ಅನ್ನುವ ಯಂತ್ರ ಇಟ್ಟುಕೊಂಡು ತಯಾರಿಸಿ ತಕ್ಷಣ ಕೊಡಬೇಕು. ಹಾಗಾಗಿ ಇದು ಸಂಶೋಧನೆಗೆ ಸರಿ. ನಮ್ಮಂಥವರಿಗೆ ಯಾರೂ ಬರೆದುಕೊಡುವುದಿಲ್ಲ.

2000ನೇ ಇಸವಿಯಲ್ಲಿ ಟೊರಾಂಟೊದಲ್ಲಿ ಶಿತಿಜ್ ಕಪೂರ್ ಮತ್ತು ಜೊತೆಯವರು ಪ್ರಕಟಿಸಿದ ಅಧ್ಯಯನವನ್ನು ನಾನು ಮೂರು ರಾತ್ರಿ ಓದಿದೆ. ಮೊದಲ ಸಲ ಕಾಯಿಲೆ ಬಂದ 22 ಜನ. ಕೊಟ್ಟ ಔಷಧಿ ನಮ್ಮದೇ ಹ್ಯಾಲೊಪೆರಿಡಾಲ್. ಪೆಟ್ ಚಿತ್ರದಲ್ಲಿ ಶೇಕಡಾ 65ಕ್ಕಿಂತ ಜಾಸ್ತಿ ಡಿ2 ಮುಚ್ಚಿದ್ದವರಲ್ಲಿ ಗುಣ ಕಾಣುವ ಸಾಧ್ಯತೆ ಜಾಸ್ತಿಯಾಯಿತು. 72 ದಾಟಿದರೆ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನ್ ಏರಿತು. ಹೆಂಗಸರಲ್ಲಿ ಮುಟ್ಟು ನಿಲ್ಲುವುದು, ಗಂಡಸರಲ್ಲಿ ಎದೆ ಊದುವುದು ಇದರಿಂದಲೇ, ನಾಚಿಕೆಗೆ ಯಾರೂ ಡಾಕ್ಟರಿಗೆ ಹೇಳುವುದಿಲ್ಲ. 78 ದಾಟಿದರೆ ಬಿಗಿತ, ನಡುಕ, ಚಡಪಡಿಕೆ.

65ಕ್ಕೂ 78ಕ್ಕೂ ನಡುವೆ ಎಷ್ಟು ಜಾಗ ಇದೆ ನೋಡಿ. ಮಷಿನ್ನಿನ ಟೆನ್ಷನ್ ಗುಂಡಿ ಅರ್ಧ ಸುತ್ತು ತಿರುಗಿಸಿದ ಹಾಗೆ. ಸಡಿಲವಾದರೆ ಹೊಲಿಗೆ ನಿಲ್ಲುವುದಿಲ್ಲ, ಬಿಗಿಯಾದರೆ ಬಟ್ಟೆ ಮುದುಡುತ್ತದೆ. ಆ ಅಧ್ಯಯನದಲ್ಲಿ ಶುರುವಿಗೆ ಕೊಟ್ಟಿದ್ದು ದಿನಕ್ಕೆ 1 ಅಥವಾ 2.5 ಮಿಲಿಗ್ರಾಂ. ನನ್ನ ತಮ್ಮನಿಗೆ ಮೊದಲ ದಿನದಿಂದಲೇ 10. ನಾನು ಲೆಕ್ಕದ ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತೆ.

ಈ ಮಾತನ್ನು ಹೇಳಿದಾಗ ಡಾಕ್ಟರು ಒಂದು ಹಳೇ ಕಥೆ ಹೇಳಿದರು. ಬಳ್ಳಾರಿ ಜಿಲ್ಲೆಗೆ ಮಾನಸಿಕ ಕಾಯಿಲೆಯ ಚಿಕಿತ್ಸೆಯಲ್ಲಿ ದೇಶದಲ್ಲೇ ಹೆಸರಿದೆ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಇಲ್ಲಿ ಒಂದು ಪ್ರಯೋಗ ನಡೆಸಿದರು. ಆಗ ಹೊಸಪೇಟೆ, ಹಡಗಲಿ ಎಲ್ಲಾ ಬಳ್ಳಾರಿ ಜಿಲ್ಲೆಯೇ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ತರಬೇತಿ ಕೊಟ್ಟು, ಅಲ್ಲೇ ಮಾತ್ರೆ ಸಿಗುವ ಹಾಗೆ ಮಾಡಿದರು. 1996ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಮಾತ್ರೆ ಹಳ್ಳಿಗೆ ಮುಟ್ಟಿದ್ದು ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ನನ್ನ ಪ್ರಶ್ನೆ ಅದಾದ ಮೇಲಿನದು. ಮಾತ್ರೆ ಮುಟ್ಟಿದ ಮೇಲೆ ಕೈ ಹಿಡಿದು ಮಣಿಕಟ್ಟು ಬಾಗಿಸಿ ನೋಡುವವರು ಯಾರು? ಬಿಗಿತ ಕಂಡುಹಿಡಿಯಲು ಸ್ಕ್ಯಾನೇ ಬೇಕಾಗಿಲ್ಲ. ಒಂದು ನಿಮಿಷದ ಕೆಲಸ. ತಮ್ಮನ ಕೈಯನ್ನು ಹಾಗೆ ಹಿಡಿದು ನೋಡಿದ ಮೊದಲ ಡಾಕ್ಟರು ನಮಗೆ ಸಿಕ್ಕಿದ್ದು ಆರನೇ ವರ್ಷಕ್ಕೆ.

ಅಷ್ಟರಲ್ಲಿ ನಮ್ಮ ಸೋದರಮಾವನ ಮಗ ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದ. ಹುಚ್ಚಿನ ಮಾತ್ರೆ ಮೆದುಳನ್ನು ಕುಗ್ಗಿಸುತ್ತದೆ, ಇವತ್ತೇ ನಿಲ್ಲಿಸಿ ಅಂತ. ಸುಳ್ಳು ಅಂತ ಅಳಿಸಿಬಿಡಬಹುದಿತ್ತು. ಆದರೆ ಪೂರ್ತಿ ಸುಳ್ಳಲ್ಲ, ಕಷ್ಟ ಇರುವುದೇ ಅಲ್ಲಿ. 2011ರಲ್ಲಿ ಅಮೆರಿಕದ ಅಯೋವಾದಿಂದ ಒಂದು ವರದಿ ಬಂತು. 211 ರೋಗಿಗಳನ್ನು ವರ್ಷಗಟ್ಟಲೆ ಎಂಆರ್‌ಐ ಮಾಡುತ್ತಾ ಬಂದಿದ್ದರು. ಜಾಸ್ತಿ ಮಾತ್ರೆ ತಿಂದವರಲ್ಲಿ ಮೆದುಳಿನ ಬೂದು ಭಾಗದ ಗಾತ್ರ ಸ್ವಲ್ಪ ಕಡಿಮೆ ಕಂಡಿತು. ಅದಕ್ಕೂ ಮೊದಲು, 2005ರಲ್ಲಿ, ಕೋತಿಗಳಿಗೆ ಒಂದೂವರೆ ಎರಡು ವರ್ಷ ಹ್ಯಾಲೊಪೆರಿಡಾಲ್ ಅಥವಾ ಒಲಾಂಜಪಿನ್ ಅನ್ನುವ ಇಂಥದೇ ಇನ್ನೊಂದು ಮಾತ್ರೆ ಕೊಟ್ಟು ನೋಡಿದಾಗಲೂ ಮೆದುಳಿನ ತೂಕ ಶೇಕಡಾ 8ರಿಂದ 11ರಷ್ಟು ಕಡಿಮೆ ಇತ್ತು. ಓದಿದಾಗ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು.

ಆದರೆ ಕುಗ್ಗಿದೆ ಅಂದರೆ ಸತ್ತಿದೆ ಅಂತಲ್ಲ. 2010ರ ಇನ್ನೊಂದು ಪ್ರಯೋಗ ಇದೆ, ನನಗೆ ಅದು ತುಂಬಾ ಹಿಡಿಸಿತು. ಜರ್ಮನಿಯಲ್ಲಿ ಏಳು ಜನ ಆರೋಗ್ಯವಂತರಿಗೆ ಒಂದು ಡೋಸ್ ಹ್ಯಾಲೊಪೆರಿಡಾಲ್ ಇಂಜೆಕ್ಷನ್ ಕೊಟ್ಟರು. ಒಂದೆರಡು ಗಂಟೆಯಲ್ಲಿ ಎಂಆರ್‌ಐಯಲ್ಲಿ ಸ್ಟ್ರೈಯೇಟಮ್ ಅನ್ನುವ ಭಾಗ, ಅದೇ ನಮ್ಮ ಅಲ್ಪವಿರಾಮ ಬೆಳಗುವ ಜಾಗ, ಸಣ್ಣದಾಗಿ ಕಂಡಿತು. ಜೊತೆಗೆ ಕೈಕಾಲು ನಿಧಾನ. ಒಂದು ದಿನ ಕಳೆದ ಮೇಲೆ ನೋಡಿದರೆ ವಾಪಸ್ ಮೊದಲಿನ ಹಾಗೇ. ಒಗೆದ ಜೀನ್ಸ್ ಕುಗ್ಗಿ, ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲವಾಗುವುದಿಲ್ಲವೇ, ಹಾಗೆ. ವರ್ಷಗಟ್ಟಲೆ ಮಾತ್ರೆ ತಿಂದವರಲ್ಲಿ ಕಂಡಿದ್ದೂ ಇದೇ ಅಂತ ನಾನು ಹೇಳುತ್ತಿಲ್ಲ. ಕಾಯಿಲೆಯೂ ಗಾತ್ರ ಕಡಿಮೆ ಮಾಡುತ್ತದೆ, ಎರಡನ್ನೂ ಬಿಡಿಸಿ ನೋಡುವುದು ಕಷ್ಟ.

ಸೋದರಮಾವನ ಮಗನಿಗೆ ನಾನು ಕಳಿಸಿದ್ದು ಬೇರೆ ಅಂಕಿ. ಫಿನ್ಲೆಂಡ್ ದೇಶದಲ್ಲಿ 66,881 ರೋಗಿಗಳನ್ನು 11 ವರ್ಷ ಲೆಕ್ಕ ಇಟ್ಟು 2009ರಲ್ಲಿ ಪ್ರಕಟಿಸಿದ್ದಾರೆ. ಬಹಳ ವರ್ಷ ಮಾತ್ರೆ ತಿಂದವರಿಗಿಂತ ಮಾತ್ರೆಯೇ ತಿನ್ನದವರಲ್ಲಿ ಸಾವು ಜಾಸ್ತಿ ಇತ್ತು. ಎಲ್ಲಕ್ಕಿಂತ ಕಡಿಮೆ ಸಾವು ಕ್ಲೊಜಪಿನ್ ಅನ್ನುವ ಮಾತ್ರೆ ತಿಂದವರಲ್ಲಿ. ಅವನು ಬರೀ ಕೈಮುಗಿಯುವ ಎಮೋಜಿ ಕಳಿಸಿದ. ಓದಿದನೋ ಇಲ್ಲವೋ.

ಕ್ಲೊಜಪಿನ್ ಹೆಸರು ಬಂತಲ್ಲ, ಡಾಕ್ಟರು ಕೊನೆಗೆ ತಮ್ಮನಿಗೆ ಕೊಟ್ಟಿದ್ದು ಅದನ್ನೇ. ಫಾರ್ಡೆಯವರು 1992ರಲ್ಲಿ ಪ್ರಕಟಿಸಿದ ಪೆಟ್ ಲೆಕ್ಕದಲ್ಲಿ ಹಳೇ ಮಾತ್ರೆಗಳು ಡಿ2ವನ್ನು ಶೇಕಡಾ 70ರಿಂದ 89 ಮುಚ್ಚಿದರೆ, ಕ್ಲೊಜಪಿನ್ ಮುಚ್ಚಿದ್ದು 38ರಿಂದ 63 ಮಾತ್ರ. ಆದರೂ ಧ್ವನಿ ಕಡಿಮೆ ಮಾಡುತ್ತದೆ. 65ರ ನಿಯಮ ಇದಕ್ಕೆ ಯಾಕೆ ಲಾಗೂ ಆಗುವುದಿಲ್ಲ ಅಂತ ಕೇಳಿದೆ. ಅದು ಬೇರೆ ಗ್ರಾಹಕಗಳ ಮೇಲೂ ಕೂರುತ್ತದೆ, ಡಿ2 ಮೇಲೆ ಕೂತರೂ ಬೇಗ ಎದ್ದು ಹೋಗುತ್ತದೆ ಅಂದರು. ಪಂಕ್ತಿಯಲ್ಲಿ ಬೇಗ ಉಂಡು ಎದ್ದು ಎಲೆ ಬಿಟ್ಟುಕೊಡುವ ಸಭ್ಯ ನೆಂಟ ಅನ್ನಿ.

ಆದರೆ ಆ ನೆಂಟನ ಗುಣ ಬೇರೆ ಇದೆ. 1975ರಲ್ಲಿ ಅದೇ ಫಿನ್ಲೆಂಡಿನಲ್ಲಿ ಕ್ಲೊಜಪಿನ್ ತಿಂದ ಕೆಲವರಲ್ಲಿ ಬಿಳಿ ರಕ್ತಕಣ ಇಳಿದು ಸಾವಾಯಿತು. ಅದಕ್ಕೇ ಎಷ್ಟೋ ಕಡೆ ಔಷಧಿ ಹಿಂದಕ್ಕೆ ತೆಗೆದುಕೊಂಡಿದ್ದರು. ಆಮೇಲೆ ರಕ್ತಪರೀಕ್ಷೆಯ ಷರತ್ತಿನ ಮೇಲೆ ಕೊಡಲು ಶುರು ಮಾಡಿದರು. ನಮಗೆ ಹೇಳಿದ್ದು ಮೊದಲ 18 ವಾರ ಪ್ರತಿ ವಾರ, ಆಮೇಲೆ ತಿಂಗಳಿಗೊಮ್ಮೆ. 12.5 ಮಿಲಿಗ್ರಾಂನಿಂದ ಶುರು, ಆಮೆ ನಡಿಗೆಯಲ್ಲಿ ಏರಿಕೆ. ಹ್ಯಾಲೊಪೆರಿಡಾಲ್ ಅಷ್ಟೇ ನಿಧಾನಕ್ಕೆ ಇಳಿಕೆ. ಪ್ರತಿ ಗುರುವಾರ ಬೆಳಿಗ್ಗೆ ಲ್ಯಾಬಿಗೆ ಹೋಗಿ ಸೂಜಿ ಚುಚ್ಚಿಸಿಕೊಂಡು, ಅಲ್ಲೇ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ ತಿಂದು ಯೂನಿಟ್ಟಿಗೆ ಬರುವುದು ನಮ್ಮಿಬ್ಬರ ವಾರದ ಸಂತೆಯಾಯಿತು. ಸುಖ ಅಂತೂ ಅಲ್ಲ. ರಾತ್ರಿ ಜೊಲ್ಲು ಸುರಿದು ದಿಂಬು ಒದ್ದೆ, ಈಗ ದಿಂಬಿಗೆ ಟವೆಲ್ ಸುತ್ತುತ್ತೇವೆ. ಮೊದಲು ಬಾಯಿ ಒಣಗುತ್ತಿತ್ತು, ಈಗ ಹೀಗೆ. ತೂಕ ಒಂಬತ್ತು ಕಿಲೋ ಏರಿದೆ. ಬೆಳಿಗ್ಗೆ ಎಂಟಾದರೂ ಏಳುವುದಿಲ್ಲ. ಮಲಬದ್ಧತೆಯನ್ನು ಹಗುರವಾಗಿ ನೋಡಬೇಡಿ ಅಂತ ಡಾಕ್ಟರು ಎರಡು ಸಲ ಒತ್ತಿ ಹೇಳಿದ್ದಾರೆ.

ಕೈ ಸಡಿಲವಾಗಲು ಐದು ತಿಂಗಳು ಹಿಡಿಯಿತು. ಒಂದೇ ಸಲ ಆಗಲಿಲ್ಲ. ಮೊದಲು ನಡೆಯುವಾಗ ಎಡಗೈ ಬೀಸಲು ಶುರುವಾಯಿತು, ಅದನ್ನು ನೋಡಿದ್ದು ಅವ್ವ. ಆಮೇಲೆ ಚಹಾ ಲೋಟ. ನಡುಕ ಪೂರ್ತಿ ಹೋಗಿಲ್ಲ, ಸುಸ್ತಾದ ದಿನ ಹೆಬ್ಬೆರಳು ಇನ್ನೂ ಆಡುತ್ತದೆ. ಧ್ವನಿ ಇದೆಯೇನೋ ಅಂತ ಕೇಳಿದರೆ, "ಐತೆ, ದೂರದಾಗೆ. ಪಕ್ಕದ ಬೀದಿ ರೇಡಿಯೋ ಇದ್ದಂಗೆ" ಅನ್ನುತ್ತಾನೆ. ಅವನು ಏನಾದರೂ ಆಗುತ್ತಿದೆ ಅಂದರೆ ನಾನು ಈಗ ಬರೆದಿಟ್ಟುಕೊಳ್ಳುತ್ತೇನೆ. ದಿನ, ಹೊತ್ತು ಸಮೇತ. ಅದೇ ಪೀಸ್ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಫೀಡ್ ಆಫ್ ದಿ ಆರ್ಮ್ ಹುಡುಗ ರಜೆ ಹಾಕಿದ್ದ. ತಮ್ಮ ಯಾರನ್ನೂ ಕೇಳದೆ ಹೋಗಿ ಕೂತ. ನಾನು ಬೇರೆ ಕಡೆ ನೋಡುತ್ತಾ ನಿಂತೆ. ಸಂಜೆಗೆ ನಲವತ್ತು ಪೀಸ್ ಆಗಿತ್ತು. ಚೆಕಿಂಗಿನಲ್ಲಿ ಆರು ರಿಜೆಕ್ಟ್ ಆದವು, ಹೊಲಿಗೆ ತಪ್ಪಿತ್ತು. ನಾನು ಮೂವತ್ತನಾಲ್ಕಕ್ಕೆ ಕೂಲಿ ಬರೆದೆ. ಅವನು ಪುಸ್ತಕ ಎಳೆದುಕೊಂಡು ನೋಡಿದ.

"ನಲವತ್ತು ಬರಿ."

"ಆರು ರಿಜೆಕ್ಟ್ ಆಗ್ಯಾವಲ್ಲೋ."

"ಕೈ ತಪ್ಪಲ್ಲ ಅದು. ನೀನು ತಂದಿರೋ ದಾರ ಸರಿ ಇಲ್ಲ. ಕೆಳಗಿನ ದಾರ ಬಿಚ್ಚಿ ನೋಡು ಬೇಕಾದ್ರೆ."

ಇಡೀ ಯೂನಿಟ್ಟಿನ ಮುಂದೆ ಹತ್ತು ನಿಮಿಷ ಜಗಳ ಮಾಡಿದ. ಬಿಚ್ಚಿ ನೋಡಿದೆ. ದಾರ ನಿಜವಾಗಲೂ ಸರಿ ಇರಲಿಲ್ಲ.